ಮೊದಲು ಬಲ್ಬು ನೋಡು

ಮೌನಕ್ಕೂ ಒಂದು ಭಾಷೆಯಿದೆ ಎಂದು ಬರೆಯುವವರು ಮರ್ಫಿ ಟೌನಿನ ನಮ್ಮ ಮನೆಯಲ್ಲಿ ಒಂದು ವಾರ ಇದ್ದು ಹೋಗಬೇಕಿತ್ತು. ಮೌನಕ್ಕೆ ಭಾಷೆಯಿಲ್ಲ, ಅದಕ್ಕೊಬ್ಬ ಪೋಸ್ಟ್‌ಮ್ಯಾನ್ ಬೇಕು. ನಮ್ಮ ಮನೆಯಲ್ಲಿ ಆ ಕೆಲಸ ನನ್ನದು. ಹಿಂದೆ ಅಡುಗೆಮನೆಯಲ್ಲಿ ಅಮ್ಮ, ಮುಂದಿನ ಕೋಣೆಯಲ್ಲಿ ಅಪ್ಪ, ನಡುವೆ ಒಂದು ಮಂಚ ಹಾಕಿದರೆ ಮುಗಿದುಹೋಗುವ ನಡುಕೋಣೆ, ಅದರೊಳಗೆ ಅತ್ತಿಂದಿತ್ತ ಓಡಾಡುವ ನಾನು.

"ಅವರಿಗೆ ಹೇಳು, ಊಟ ಆಗಿದೆ."

"ಅವಳಿಗೆ ಹೇಳು, ಈ ಸೋಲ್ಡರ್ ಒಂದು ಮುಗಿಸಿ ಬರ್ತೀನಿ."

"ಅವರಿಗೆ ಹೇಳು, ಸೋಲ್ಡರ್‌ಗೆಲ್ಲ ಸಾರು ಕಾಯ್ತಾ ಕೂರಲ್ಲ ಅಂತ."

ಇಬ್ಬರ ಕಿವಿಯೂ ಚುರುಕಾಗಿಯೇ ಇತ್ತು. ಪಕ್ಕದ ಬೀದಿಯ ಮದುವೆ ಬ್ಯಾಂಡಿನಲ್ಲಿ ಯಾವ ಸ್ಪೀಕರು ಹರಿದಿದೆ ಎಂದು ಅಪ್ಪ ಕೂತಲ್ಲಿಂದಲೇ ಹೇಳುತ್ತಿದ್ದ. ಆದರೂ ನಾನು ಹೋಗಿ ಒಪ್ಪಿಸುವವರೆಗೆ ಮಾತು ತಲುಪಿತೆಂದು ಇಬ್ಬರೂ ಒಪ್ಪುತ್ತಿರಲಿಲ್ಲ. ಅಪ್ಪನ ಮಾತನ್ನು ಅಮ್ಮನ ಮುಂದೆ ಹೇಳುವಾಗ ನಾನು ಅಪ್ಪನ ವಕೀಲೆ, ವಾಪಸು ಬರುವಾಗ ಅಮ್ಮನ ವಕೀಲೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ, ಯಾವ ಕಡೆಯಿಂದಲಾದರೂ ವಾದಿಸುವುದನ್ನು ಕಂಡು ನಮ್ಮ ಮೇಷ್ಟರು ಬೆರಗಾಗುತ್ತಿದ್ದರು. ಎದುರಾಳಿಯ ಮಾತನ್ನು ಮೊದಲು ನೆಟ್ಟಗೆ ಹೇಳಲು ಕಲಿ, ಆಮೇಲೆ ಖಂಡಿಸು ಎಂದು ಅವರು ಪಾಠ ಹೇಳಿದಾಗ ನನಗೆ ನಗು ಬಂದಿತ್ತು. ನಾನು ಅದನ್ನು ಅನ್ನ ಸಾರಿನ ಜೊತೆ ಕಲಿತಿದ್ದೆ.

ಅವರಿಬ್ಬರೂ ನೇರವಾಗಿ ಆಡುತ್ತಿದ್ದ ಮಾತು ಒಂದೇ ಒಂದಿತ್ತು. ಮುಂದಿನ ಕೋಣೆಯೇ ಅಪ್ಪನ ವರ್ಕ್‌ಶಾಪು. ಕಂಟೋನ್ಮೆಂಟಿನ ಚರ್ಚುಗಳಿಂದ, ಬ್ಯಾಂಡು ಸೆಟ್ಟುಗಳವರಿಂದ ಹಳೆಯ ಆಂಪ್ಲಿಫೈಯರುಗಳು ರಿಪೇರಿಗೆ ಬರುತ್ತಿದ್ದವು. ಗಾಜಿನ ವಾಲ್ವುಗಳಿರುವ ಆ ಸೆಟ್ಟುಗಳ ಹೊಟ್ಟೆಯಲ್ಲಿ ದಪ್ಪ ದಪ್ಪ ಕಂಡೆನ್ಸರುಗಳಿರುತ್ತವೆ. ಪ್ಲಗ್ಗು ಕಿತ್ತ ಮೇಲೂ ಅವು ಕರೆಂಟನ್ನು ಹಿಡಿದಿಟ್ಟುಕೊಂಡು ಸುಮ್ಮನೆ ಕೂತಿರುತ್ತವೆ. ಕೈಯಿಟ್ಟವನ ಎದೆ ನಿಲ್ಲುವಷ್ಟು. ಅದನ್ನು ಖಾಲಿ ಮಾಡಲು ಅಪ್ಪನ ಬಳಿ ಒಂದು ಟೆಸ್ಟ್ ಲ್ಯಾಂಪ್ ಇತ್ತು: ಒಂದು ಹೋಲ್ಡರು, ಅದರಲ್ಲೊಂದು ಬಲ್ಬು, ಎರಡು ವೈರು. ವೈರಿನ ತುದಿಗಳನ್ನು ಕಂಡೆನ್ಸರಿಗೆ ಮುಟ್ಟಿಸಿದರೆ ಉಳಿದ ಕರೆಂಟು ಹರಿದುಹೋಗಿ ಬಲ್ಬು ಒಮ್ಮೆ ಮಿಂಚಿ ಆರುತ್ತದೆ. ಆಮೇಲೂ ಕೈ ಹಾಕುವವನು ಕೇಳಬೇಕು, ಬಲ್ಬು ನೋಡಿದವರು ಉತ್ತರಿಸಬೇಕು. ಉತ್ತರ ಬರದೆ ಕೈ ಒಳಗೆ ಹೋಗುವಂತಿಲ್ಲ.

"ಸತ್ತಿದೆಯಾ?"

"ಸತ್ತಿದೆ."

ಕೇಳುತ್ತಿದ್ದವನು ಅಪ್ಪ, ಉತ್ತರಿಸುತ್ತಿದ್ದವಳು ಅಮ್ಮ. ಸೆಟ್ಟು ಬಿಚ್ಚಿದ್ದು ಗೊತ್ತಾದ ಕೂಡಲೇ ಅವಳು ಸೆರಗಿಗೆ ಕೈ ಒರೆಸಿಕೊಂಡು ಬಂದು ನಿಲ್ಲುತ್ತಿದ್ದಳು. ಅಪ್ಪ ಮೊದಲು ಲ್ಯಾಂಪಿನ ವೈರನ್ನು ಗೋಡೆಯ ಸಾಕೆಟ್ಟಿಗೆ ಕೊಟ್ಟು ಬಲ್ಬು ಉರಿಯುವುದನ್ನು ತೋರಿಸುತ್ತಿದ್ದ. ಆಮೇಲೆ ಕಂಡೆನ್ಸರಿಗೆ. ಆಮೇಲೆ ಮತ್ತೆ ಸಾಕೆಟ್ಟಿಗೆ. "ಮೊದಲು ಬಲ್ಬು ನೋಡು, ಆಮೇಲೆ ಸೆಟ್ಟು ನೋಡು," ಎಂದು ನನಗೆ ಹೇಳಿದಂತೆ ಗಾಳಿಗೆ ಹೇಳುತ್ತಿದ್ದ. ಅಮ್ಮ ಕಣ್ಣು ಮಿಟುಕಿಸದೆ ನೋಡಿ, "ಸತ್ತಿದೆ" ಎಂದು ತಿರುಗಿ ಹೋಗುತ್ತಿದ್ದಳು. ಜಗಳಾಡಿಕೊಂಡರೂ ಗಂಡನ ಜೀವದ ಮೇಲೆ ಎಷ್ಟು ಕಾಳಜಿ ನೋಡು ಎಂದು ನಮ್ಮ ಅತ್ತೆ ಕಣ್ಣೊರೆಸಿಕೊಂಡದ್ದುಂಟು. ಈ ವಾದವನ್ನು ನಾನು ಚಿಕ್ಕಂದಿನಲ್ಲೇ ತಿರಸ್ಕರಿಸಿದ್ದೆ. ಅಮ್ಮನ ಸ್ವರವನ್ನು ಹತ್ತಿರದಿಂದ ಕೇಳಿದವರಿಗೆ ಅದರಲ್ಲಿ ಕಾಳಜಿ ಸಿಗುತ್ತಿರಲಿಲ್ಲ. ಪ್ರತಿಯೊಂದು 'ಸತ್ತಿದೆ'ಯೂ ಒಂದು ಆರೋಪ. ಹೀಗೆ ನೋಡಿ ಹೇಳಬೇಕಿತ್ತು ಎಂಬ ಆರೋಪ.

ಅಡುಗೆಮನೆ ಅಮ್ಮನ ರಾಜ್ಯ. ಅಲ್ಲಿ ಕಿಟಕಿ ಎಂಬುದು ಹೆಸರಿಗಷ್ಟೇ ಇದ್ದುದರಿಂದ ಹಗಲಲ್ಲೂ ಬಲ್ಬು ಬೇಕಿತ್ತು. ಒಗ್ಗರಣೆಯ ಜಿಡ್ಡು ಹತ್ತಿ ಹತ್ತಿ ಅದು ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಒಮ್ಮೆ ಗೋಡೆಗೆ ಸುಣ್ಣ ಹೊಡೆಯುವಾಗ ಹಾರಿದ ನೀಲಿ ಹನಿ ಅದರ ಹೊಟ್ಟೆಯ ಮೇಲೆ ಬಾತುಕೋಳಿಯ ಆಕಾರದಲ್ಲಿ ಒಣಗಿ ಕೂತಿತ್ತು. ಊಟ ಸೇರದ ದಿನ ನಾನು ಆ ಬಾತುಕೋಳಿಯನ್ನೇ ನೋಡುತ್ತಾ ತುತ್ತು ನುಂಗುತ್ತಿದ್ದೆ. ಅಮ್ಮನಿಗೆ ಇನ್ನೊಂದು ಪದ್ಧತಿಯಿತ್ತು. ಮನೆಯಲ್ಲಿ ಯಾವ ಹೋಲ್ಡರೂ ಬರಿದಾಗಿರಕೂಡದು. ಅಮ್ಮನ ಊರಿನಲ್ಲಿ ಯಾವುದೋ ಮಗು ಬರಿ ಹೋಲ್ಡರಿಗೆ ಬೆರಳಿಟ್ಟು ಶಾಕ್ ಹೊಡೆಸಿಕೊಂಡಿತ್ತಂತೆ. ಹಾಗಾಗಿ ಒಂದು ಕಡೆಯ ಬಲ್ಬನ್ನು ಇನ್ನೊಂದು ಕಡೆಗೆ ಹಾಕಿದರೆ, ಅಲ್ಲಿನ ಫ್ಯೂಸಾದ ಬಲ್ಬನ್ನು ತಂದು ಇಲ್ಲಿ ತುರುಕಿಬಿಡುತ್ತಿದ್ದಳು. ನಮ್ಮ ಬಚ್ಚಲಲ್ಲಿ, ಮೆಟ್ಟಿಲ ಕೆಳಗೆ, ಎಂದೂ ಉರಿಯದ ಬಲ್ಬುಗಳು ತೂಗುತ್ತಿದ್ದವು. ಮೋಹನ್ ಮಾಮ ಅದನ್ನು ನೋಡಿ ರೇಗಿಸುತ್ತಿದ್ದ.

"ಅಕ್ಕಾ, ನಿನ್ನ ಮನೇಲಿ ಬಲ್ಬಿಗೆ ಕೊರತೆ ಇಲ್ಲ, ಬೆಳಕಿಗೆ ಮಾತ್ರ ಕೊರತೆ."

"ಬಾಯಿ ಮುಚ್ಕೊಂಡು ತಿನ್ನೋ. ತುಂಬಾ ಕತ್ಲಾದ್ರೆ ಭಾವನ ಹತ್ರ ಹೋಗಿ ಕೂತ್ಕೋ."

ಮೋಹನ್ ಮಾಮ ಅಮ್ಮನ ತಮ್ಮ. ಅಪ್ಪನ ಜೊತೆ ಕೆಲಸ ಮಾಡುತ್ತಾ ನಮ್ಮಲ್ಲೇ ಇದ್ದ. ಚರ್ಚಿನಲ್ಲಿ ದಪ್ಪ ಸ್ವರದಲ್ಲಿ ಹಾಡುತ್ತಿದ್ದ, ಎಲ್ಲದಕ್ಕೂ ಯಾಕೆ ಎಂದು ಕೇಳುತ್ತಿದ್ದ ನನ್ನನ್ನು ಲಾಯರಮ್ಮ ಎಂದು ಕರೆಯುತ್ತಿದ್ದ. ಆಗೆಲ್ಲ ಅಪ್ಪ ಅಮ್ಮ ಮಾತಾಡುತ್ತಿದ್ದರು. ಜಗಳವನ್ನೂ ನೇರವಾಗಿಯೇ ಆಡುತ್ತಿದ್ದರು. 'ಸತ್ತಿದೆಯಾ' ಎಂಬ ಸವಾಲು ಜವಾಬು ಆಗ ಅಪ್ಪ ಮತ್ತು ಮಾಮನ ನಡುವಿನದು, ಅದರಲ್ಲಿ ಸಾಕೆಟ್ಟಿನ ಭಾಗ ಇರಲಿಲ್ಲ.

ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ಕುಕ್ ಟೌನಿನ ಚರ್ಚೊಂದರಿಂದ ಆರ್ಗನ್ನಿನ ಸ್ಪೀಕರು ರಿಪೇರಿಗೆ ಬಂತು. ಬೀರುವಿನ ಅರ್ಧ ಎತ್ತರದ ತೇಗದ ಬಣ್ಣದ ಪೆಟ್ಟಿಗೆ. ಮೇಲೆ ಗಿರಗಿರನೆ ತಿರುಗುವ ಕಹಳೆ, ಕೆಳಗೆ ದೊಡ್ಡ ಸ್ಪೀಕರು, ತಳದಲ್ಲಿ ವಾಲ್ವ್ ಆಂಪ್ಲಿಫೈಯರು. ಕಹಳೆ ತಿರುಗಿದಾಗ ಸ್ವರ ಕೋಣೆಯನ್ನು ಸುತ್ತು ಹಾಕಿ ಬರುತ್ತದೆ, ಯಾರೋ ಅಳು ತಡೆದುಕೊಂಡು ಹಾಡಿದ ಹಾಗೆ ನಡುಗುತ್ತದೆ. ಆ ಪೆಟ್ಟಿಗೆ ಗುಂಯ್ ಎನ್ನುತ್ತಿತ್ತಂತೆ, ಅದೇ ಕಾಯಿಲೆ. ಮುಂದಿನದಕ್ಕೆ ನಾನು ಸಾಕ್ಷಿಯಲ್ಲ, ನಾನು ಶಾಲೆಯಲ್ಲಿದ್ದೆ. ಅಮ್ಮ ಹೇಳಿದ್ದನ್ನು ಹೇಳುತ್ತೇನೆ. ಊಟ ಮುಗಿಸಿ ಇಬ್ಬರೂ ಕೆಲಸಕ್ಕೆ ಕೂತರು. ಅವಳು ಪಾತ್ರೆ ತೊಳೆಯುತ್ತಿದ್ದಳು. "ಸತ್ತಿದೆಯಾ ಭಾವ?" ಎಂದ ತಮ್ಮನ ದನಿ ಕೇಳಿತು. "ಸತ್ತಿದೆ" ಎಂದ ಗಂಡನ ದನಿ ಕೇಳಿತು. ಆಮೇಲೆ ಸ್ಟೂಲು ಉರುಳಿದ ಸದ್ದು. ಆಟೋದಲ್ಲಿ ಅವನ ತಲೆ ಅವಳ ತೊಡೆಯ ಮೇಲಿತ್ತು. ಆಸ್ಪತ್ರೆಯಲ್ಲಿ ಇಳಿಸಿಕೊಂಡವರು ಅವಸರ ಮಾಡಲೇ ಇಲ್ಲ ಎಂಬುದನ್ನು ಕಂಡು ಅವಳಿಗೆ ಗೊತ್ತಾಯಿತಂತೆ.

"ನೋಡ್ದೇ ಹೇಳಿದ್ರು," ಎಂದಳು ಅಮ್ಮ, ಮಣ್ಣು ಮಾಡಿ ಬಂದ ಸಂಜೆ, ಮನೆ ತುಂಬ ಕೂತಿದ್ದವರ ಮುಂದೆ. "ನೋಡ್ದೇ ಸತ್ತಿದೆ ಅಂದ್ರು."

ಅಪ್ಪ ಇಲ್ಲ ಅನ್ನಲಿಲ್ಲ. ಹೌದು ಎಂದೂ ಅನ್ನಲಿಲ್ಲ. ಎದ್ದು ಹೋಗಿ ಆ ಪೆಟ್ಟಿಗೆಯ ಹಿಂದಿನ ಹಲಗೆ ಹಾಕಿ ಸ್ಕ್ರೂ ಬಿಗಿದ. ಚರ್ಚಿನವರು ಕೀಬೋರ್ಡು ಕೊಂಡರು, ಸ್ಪೀಕರು ಕೇಳಿಕೊಂಡು ಬರಲು ಅವರಿಗೂ ಮುಖವಿರಲಿಲ್ಲ. ಅದು ನಮ್ಮ ನಡುಕೋಣೆಯ ಮೂಲೆಯಲ್ಲಿ ನಿಂತೇಬಿಟ್ಟಿತು. ಮನೆ ಅಷ್ಟು ಇಕ್ಕಟ್ಟಾಗಿದ್ದರೂ ಅಮ್ಮ ಅದರ ಮೇಲೆ ಒಂದು ಲೋಟವನ್ನೂ ಇಡಲಿಲ್ಲ. ನಾನು ಅದಕ್ಕೆ ಬೆನ್ನು ಕೊಟ್ಟು ಹೋಮ್‌ವರ್ಕ್ ಮಾಡಿದೆ, ಪರೀಕ್ಷೆಗೆ ಓದಿದೆ, ಚರ್ಚಾಸ್ಪರ್ಧೆಯ ಭಾಷಣಗಳನ್ನು ಬಾಯಿಪಾಠ ಮಾಡಿದೆ. ದೇವರಿಲ್ಲ ಎಂಬ ತೀರ್ಮಾನಕ್ಕೆ ಬಂದದ್ದೂ ಅದರ ಪಕ್ಕದಲ್ಲೇ. ಆ ತೀರ್ಮಾನಕ್ಕೆ ಮೋಹನ್ ಮಾಮನ ಸಾವು ಆಧಾರವಲ್ಲ. ಸಾವು ಯಾವ ವಾದವನ್ನೂ ಸಾಬೀತು ಮಾಡುವುದಿಲ್ಲ. ನನ್ನನ್ನು ರೂಪಿಸಿದ್ದು ಅಪ್ಪನ ಆ ಹೊಸ ನಿಯಮ. ಸೆಟ್ಟನ್ನು ನಂಬುವ ಮೊದಲು ಸೆಟ್ಟನ್ನು ಪರೀಕ್ಷಿಸುವ ಬಲ್ಬನ್ನು ಪರೀಕ್ಷಿಸು. ಉರಿಯದ ಬಲ್ಬು ಏನನ್ನೂ ಹೇಳುತ್ತಿಲ್ಲ, ಅದು ಸುಮ್ಮನಿದೆ ಅಷ್ಟೆ. ಈ ಒಂದು ಸಾಧನ ಹಿಡಿದು ನಾನು ಪಾದ್ರಿಗಳನ್ನು, ಪ್ರೊಫೆಸರರನ್ನು, ವಾಟ್ಸಾಪಿನ ಚಿಕ್ಕಪ್ಪಂದಿರನ್ನು ಮಾತಿನಲ್ಲಿ ಕೆಡವಿದ್ದೇನೆ. ಆದರೆ ಆ ನಿಯಮ ನಮ್ಮ ಮನೆಗೆ ಎಲ್ಲಿಂದ ಬಂತು ಎಂದು ಮಾತ್ರ ಕೇಳಿರಲಿಲ್ಲ.

ಈಚೆಗೆ ಕುಕ್ ಟೌನಿನ ಚರ್ಚಿಗೆ ಹೊಸ ಪಾದ್ರಿ ಬಂದರು. ಅವರಿಗೆ ಹಳೆಯ ಆರ್ಗನ್ನನ್ನು ಮತ್ತೆ ನುಡಿಸುವ ಆಸೆ. ಸ್ಪೀಕರು ನಿಮ್ಮಲ್ಲಿದೆಯಂತಲ್ಲ ಎಂದು ಫೋನು ಮಾಡಿದರು. ನಾನು ಈಗ ಟಿನ್ ಫ್ಯಾಕ್ಟರಿಯ ಹತ್ತಿರ ಬಾಡಿಗೆ ರೂಮಿನಲ್ಲಿದ್ದೇನೆ, ಕಾಲೇಜು ಹುಡುಗರಿಗೆ ಚರ್ಚೆ ಕಲಿಸುತ್ತೇನೆ. ಭಾನುವಾರ ಮನೆಗೆ ಬಂದರೆ ನನ್ನ ಹಳೆಯ ನೌಕರಿ ಕಾದಿತ್ತು.

"ಅವರಿಗೆ ಹೇಳು, ಚರ್ಚಿನವರು ಹೇಗಿದೆಯೋ ಹಾಗೇ ಎತ್ಕೊಂಡು ಹೋಗ್ಲಿ. ನಮ್ಮನೇಲಿ ಅದನ್ನ ಬಿಚ್ಚೋದು ಬೇಡ."

"ಅವಳಿಗೆ ಹೇಳು, ಕೆಟ್ಟಿರೋ ಸಾಮಾನು ಕೊಟ್ಟು ಕಳಿಸೋದು ನನ್ನ ಕೈಲಿ ಆಗಲ್ಲ. ಅದು ಇನ್ನೊಬ್ಬರ ಜೀವ ತೆಗೆದ್ರೆ?"

ಅಮ್ಮ ಅದಕ್ಕೆ ಉತ್ತರ ಕಳಿಸಲಿಲ್ಲ. ಅಪ್ಪ ಗೆದ್ದ ಎಂದು ನಾನು ಲೆಕ್ಕ ಹಾಕಿದೆ. ಆದರೆ ಅಪ್ಪನ ಬಲಗೈ ಈಗ ನಡುಗುತ್ತದೆ, ಸ್ಕ್ರೂಡ್ರೈವರು ಗುರಿ ತಪ್ಪುತ್ತದೆ. ಹಾಗಾಗಿ ನಾನೇ ಕೈ, ಅವನು ಕಣ್ಣು ಎಂದಾಯಿತು. ಒಂದು ಶನಿವಾರ ಶಿವಾಜಿನಗರಕ್ಕೆ ಹೋಗಿ, ಅಪ್ಪ ಹೇಳಿದ ಕಂಡೆನ್ಸರುಗಳನ್ನೂ ಕಹಳೆ ತಿರುಗಿಸುವ ಬೆಲ್ಟನ್ನೂ ಕೇಳಿದೆ. ಹಳೆ ರೇಡಿಯೊ ಸಾಮಾನಿನ ಅಂಗಡಿಯ ಚಾಚಾ ಕನ್ನಡಕ ಏರಿಸಿ ನೋಡಿದರು.

"ಆ ತಿರುಗೋ ಡಬ್ಬಾಗಾ? ಯಾ ಅಲ್ಲಾ, ಅದು ಇನ್ನೂ ನಿಮ್ಮನೇಲೇ ಇದೆಯಾ ಬೇಟಿ? ನಾನಾಗಿದ್ರೆ ಅವತ್ತೇ ಕಟ್ಟಿಗೆ ಮಾಡಿ ಒಲೆಗೆ ಹಾಕ್ತಿದ್ದೆ."

"ಡಬ್ಬಾದು ಏನ್ ತಪ್ಪು ಚಾಚಾ?"

"ವಾದ ಮಾಡ್ಬೇಡ. ತಗೋ, ಪ್ಲಸ್ಸು ಮೈನಸ್ಸು ನೋಡಿ ಹಾಕು. ಉಲ್ಟಾ ಹಾಕಿದ್ರೆ ಪಟಾಕಿ."

ಭಾನುವಾರ ಬೆಳಿಗ್ಗೆ ಪೆಟ್ಟಿಗೆಯನ್ನು ಮುಂದಿನ ಕೋಣೆಗೆ ತಳ್ಳಿದೆವು. ಹಿಂದಿನ ಹಲಗೆಯನ್ನು ತಾನೇ ತೆಗೆಯುತ್ತೇನೆಂದು ಅಪ್ಪ ಹಟ ಹಿಡಿದ. ನಡುಗುವ ಕೈಯಲ್ಲಿ ಎರಡು ಸ್ಕ್ರೂ ತೆಗೆಯುವಷ್ಟರಲ್ಲಿ ಬೆವೆತು, ಮುಖ ತೊಳೆದು ಬರಲು ಬಚ್ಚಲಿಗೆ ಹೋದ. ನನಗೆ ಕಾಯುವ ಬುದ್ಧಿಯಿಲ್ಲ. ಉಳಿದವನ್ನು ಬಿಚ್ಚಿ ಹಲಗೆ ಸರಿಸಿದೆ. ಜೇಡರ ಬಲೆ, ಇಲಿ ಕಡಿದ ಬಟ್ಟೆ, ತಣ್ಣಗೆ ಕೂತ ಆಂಪ್ಲಿಫೈಯರು. ಅದರ ಪಕ್ಕದಲ್ಲಿ ಅಪ್ಪನ ಹಳೆಯ ಟೆಸ್ಟ್ ಲ್ಯಾಂಪು, ವೈರು ಸುತ್ತಿದ ಹಾಗೇ. ಎತ್ತಿ ಬೆಳಕಿಗೆ ಹಿಡಿದೆ. ಗಾಜಿನ ಮೇಲೆ ಬೆಲ್ಲದ ಬಣ್ಣದ ಜಿಡ್ಡು. ಜಿಡ್ಡಿನ ಅಡಿಯಲ್ಲಿ ನೀಲಿ ಬಾತುಕೋಳಿ.

ಅಲುಗಿಸಿದೆ. ಒಳಗೆ ಕಡಿದ ತಂತಿ ಕಿಣಿ ಎಂದಿತು. ನನ್ನ ತಲೆ ಒಂದೊಂದೇ ಮೆಟ್ಟಿಲು ಹತ್ತಲಿಲ್ಲ, ಒಮ್ಮೆಲೇ ಮೇಲಿತ್ತು. ಆ ದಿನ ಅಡುಗೆಮನೆಯ ಬಲ್ಬು ಫ್ಯೂಸಾಗಿದೆ. ಅಮ್ಮ ಅಪ್ಪನ ಲ್ಯಾಂಪಿನಿಂದ ಒಳ್ಳೆಯ ಬಲ್ಬು ಬಿಚ್ಚಿಕೊಂಡು ಹೋಗಿದ್ದಾಳೆ. ಹೋಲ್ಡರು ಬರಿದಾಗಿರಬಾರದೆಂದು ಫ್ಯೂಸಾದದ್ದನ್ನು ಅದರಲ್ಲಿ ತುರುಕಿದ್ದಾಳೆ. ಅಪ್ಪ ಅದನ್ನು ಕಂಡೆನ್ಸರಿಗೆ ಮುಟ್ಟಿಸಿದ್ದಾನೆ, ಉರಿಯಲಿಲ್ಲ, ಸತ್ತಿದೆ ಎಂದಿದ್ದಾನೆ. ಸತ್ತಿದ್ದು ಬಲ್ಬು.

ಅಪ್ಪ ಬಾಗಿಲಲ್ಲಿ ನಿಂತಿದ್ದ. ಮುಖದಿಂದ ನೀರು ತೊಟ್ಟಿಕ್ಕುತ್ತಿತ್ತು. ಅಡುಗೆಮನೆಯಲ್ಲಿ ಅಮ್ಮನ ಮಿಕ್ಸಿ ತಿರುಗುತ್ತಿತ್ತು. ಆ ಸದ್ದಿನ ಮರೆಯಲ್ಲಿ ನಾವು ಮಾತಾಡಿದೆವು.

"ಯಾವಾಗಿಂದ ಗೊತ್ತು ನಿನಗೆ?"

"ಅವತ್ತಿಂದ. ಮಣ್ಣು ಮುಗಿಸಿ ಬಂದಾಗ ಅಡುಗೆಮನೆ ದೀಪ ಉರೀತಿತ್ತಲ್ಲ, ಅದು ನನ್ನ ಬಲ್ಬು. ಜಿಡ್ಡಿಲ್ಲ, ಏನಿಲ್ಲ, ಪಳಪಳ ಅಂತಿತ್ತು. ಅದರ ಕೆಳಗೇ ಕೂತು ಅವಳು ಅಳ್ತಿದ್ಲು."

"ನೀನೇ ಬದಲಾಯಿಸಿರಬಹುದಲ್ಲ? ಮರೆತಿರಬಹುದು."

"ನಾನು ಅಡುಗೆಮನೆ ಬಲ್ಬು ಯಾವತ್ತಾದ್ರೂ ಹಾಕಿದ್ದು ನೋಡಿದ್ದೀಯಾ ನೀನು?"

ನೋಡಿರಲಿಲ್ಲ. ಆ ಅಂಶವನ್ನು ಬಿಟ್ಟುಕೊಟ್ಟೆ.

"ಹಾಗಾದ್ರೆ ಇಷ್ಟು ವರ್ಷ ಯಾಕಪ್ಪಾ? ಒಂದು ಮಾತು. ಬಲ್ಬು ಫ್ಯೂಸಾಗಿತ್ತು ಅಂತ ಒಂದೇ ಒಂದು ಮಾತು."

"ಅಂದ್ರೆ ಮುಂದಿನ ಪ್ರಶ್ನೆ ಏನು? ನೀನೇ ಡಿಬೇಟ್ ಮೇಡಂ ಅಲ್ವಾ, ಹೇಳು. ಫ್ಯೂಸಾದ ಬಲ್ಬು ಅಲ್ಲಿಗೆ ಹೇಗೆ ಬಂತು? ಅದನ್ನ ಅವಳೇ ಕೇಳ್ಕೋತಾಳೆ. ಕೇಳ್ಕೊಂಡ ಮೇಲೆ ಬದುಕ್ತಾಳಾ? ಅವನನ್ನ ಸಾಕಿದ್ದೇ ಅವಳು. ನನ್ನ ಮೇಲೆ ಕೋಪ ಇದ್ರೆ ಎದ್ದು ಅಡುಗೆಯಾದ್ರೂ ಮಾಡ್ತಾಳೆ."

"ಅದು ಸುಳ್ಳಿನ ಮೇಲೆ ನಿಂತಿರೋ ಕೋಪ."

"ಪೂರ್ತಿ ಸುಳ್ಳಲ್ಲ ಪುಟ್ಟಿ. ಬಲ್ಬು ಮಿಂಚ್ಲಿಲ್ಲ. ಮಿಂಚದೇ ಇದ್ದಾಗ ನಾನು ಯಾಕೆ ಅಂತ ಕೇಳ್ಬೇಕಿತ್ತು. ಊಟಕ್ಕೆ ಹೋಗಿ ಬಂದ್ವಲ್ಲ, ತಾನೇ ಖಾಲಿಯಾಗಿರುತ್ತೆ ಅಂದ್ಕೊಂಡೆ. ವಾಲ್ವ್ ಕಿತ್ತಿಟ್ಟಿದ್ವಿ, ಕರೆಂಟ್ ಹೋಗೋಕೆ ದಾರಿಯೇ ಇರ್ಲಿಲ್ಲ. ಅದು ನನಗೆ ಹೊಳೀಲಿಲ್ಲ. ಅರ್ಧ ನನ್ನದೇ."

"ಅರ್ಧ ನಿನ್ನದು. ಪೂರ್ತಿ ಯಾಕೆ ಹೊರ್ತೀಯಾ?"

ಅಪ್ಪ ಅಂಗಿಯ ತೋಳಿನಿಂದ ಮುಖದ ನೀರು ಒರೆಸಿಕೊಂಡ. ಸ್ಪರ್ಧೆಯಲ್ಲಾಗಿದ್ದರೆ ಗಂಟೆ ಬಾರಿಸಿ ನನಗೆ ಅಂಕ ಕೊಡುತ್ತಿದ್ದರು.

"ಮತ್ತೆ ಇದನ್ನ ಯಾಕೆ ಎಸೀಲಿಲ್ಲ?"

"ದಿನಾ ಅವಳು ಹಾಗೆ ನೋಡ್ತಿದ್ಲಲ್ಲ, ಒಂದೊಂದ್ಸಲ ನಾನೇ ಪೂರ್ತಿ ಕೊಂದೆ ಅನ್ಸೋದು. ಆಗ ಅದು ಒಳಗಿದೆ ಅಂತ ನೆನಪಿಸ್ಕೋತಿದ್ದೆ. ನೀನು ತಗೊಂಡ್ ಹೋಗು. ಅವಳ ಕಣ್ಣಿಗೆ ಬೀಳೋದು ಬೇಡ."

ಮಿಕ್ಸಿ ನಿಂತಿತು. ನಾನು ಬಲ್ಬನ್ನು ಹೋಲ್ಡರಿನಿಂದ ಬಿಚ್ಚಿ, ಹಳೆ ಪೇಪರಿನಲ್ಲಿ ಸುತ್ತಿ ನನ್ನ ಬ್ಯಾಗಿಗೆ ಹಾಕಿಕೊಂಡೆ. ಇಷ್ಟು ವರ್ಷ ನಾನು ಆ ಪೆಟ್ಟಿಗೆಗೆ ಬೆನ್ನು ಕೊಟ್ಟು ಕೂತು ಪುರಾವೆ ಎಲ್ಲಿ, ಪುರಾವೆ ಎಲ್ಲಿ ಎಂದು ಕೇಳುವುದನ್ನು ಅಭ್ಯಾಸ ಮಾಡಿದ್ದೆ. ಅದು ನನ್ನ ಬೆನ್ನ ಹಿಂದೆಯೇ ಇತ್ತು. ಅಷ್ಟೇಕೆ, ಅದು ಪ್ರತಿದಿನ ನಮ್ಮ ಕಿವಿಗೂ ಬೀಳುತ್ತಿತ್ತು. ಅಪ್ಪ ನೋಡದೇ ಹೇಳಿದ್ದೇ ತಪ್ಪಾಗಿದ್ದರೆ, ಆಮೇಲೆ ಬಂದ ನಿಯಮ 'ಸರಿಯಾಗಿ ನೋಡು' ಎಂದಿರಬೇಕಿತ್ತು. ಬಂದದ್ದು 'ಮೊದಲು ಬಲ್ಬು ನೋಡು.' ನಿಯಮದಲ್ಲಿ ತಪ್ಪಿನ ಅಚ್ಚು ಉಳಿದಿರುತ್ತದೆ. ಹೀಗೆ ತರ್ಕ ಮಾಡಲು ಚರ್ಚಾಪಟುವೇ ಬೇಕಾಗಿರಲಿಲ್ಲ. ಆ ನಿಯಮವನ್ನು ನನಗಿಂತ ಹೆಚ್ಚು ಸಲ ನಿಂತು ನೋಡಿದವಳು ಅಮ್ಮ. ಆ ಯೋಚನೆಯನ್ನು ಮುಂದಕ್ಕೆ ಬೆಳೆಸಲು ನನಗೆ ಧೈರ್ಯವಾಗಲಿಲ್ಲ.

ಕೆಲಸ ಮಾಡಿದೆವು. ಇಷ್ಟು ವರ್ಷ ಪ್ಲಗ್ಗು ಕಾಣದ ಸೆಟ್ಟಿನಲ್ಲಿ ಕರೆಂಟು ಉಳಿದಿರಲಿಲ್ಲ. ಉಬ್ಬಿದ ಕಂಡೆನ್ಸರುಗಳನ್ನು ಬದಲಿಸಿದೆ. ಸೆಟ್ಟು ಆರಿದ ಮೇಲೆ ಕರೆಂಟು ತಾನೇ ಇಳಿದುಹೋಗಲೆಂದು ಇಟ್ಟಿರುವ ರೆಸಿಸ್ಟೆನ್ಸನ್ನು ಮೀಟರಿನಲ್ಲಿ ಅಳೆದರೆ ಅದು ಒಳಗೇ ತುಂಡಾಗಿತ್ತು. ಹೊರಗಿನಿಂದ ನೋಡಿದರೆ ಹೊಸದರಂತೆ. ಅದನ್ನೂ ಬದಲಿಸಿದೆ. ಒಣಗಿದ ಮೋಟಾರಿಗೆ ಎಣ್ಣೆ ಬಿಟ್ಟು, ಕಹಳೆಗೆ ಬೆಲ್ಟು ಹಾಕಿ, ಒಮ್ಮೆ ಆನ್ ಮಾಡಿ ನೋಡಿ ಆಫ್ ಮಾಡಿದೆ. ಒಂದು ಬೆಸುಗೆ ಸಡಿಲವಾಗಿತ್ತು, ಮತ್ತೆ ಕೈ ಹಾಕಬೇಕಿತ್ತು. ಈಗಿನ ಎಲ್‌ಇಡಿ ಬಲ್ಬು ಈ ಪರೀಕ್ಷೆಗೆ ಆಗಿಬರುವುದಿಲ್ಲವೆಂದು ಅಪ್ಪ ತಂತಿಯ ಬಲ್ಬುಗಳನ್ನು ಕೂಡಿಟ್ಟಿದ್ದಾನೆ. ಅಂಥದ್ದೊಂದನ್ನು ಹೊಸ ಹೋಲ್ಡರಿಗೆ ಹಾಕಿದ. ಕರೆಯದೇ ಅಮ್ಮ ಬಂದು ನಿಂತಳು.

ಸಾಕೆಟ್ಟಿಗೆ ಕೊಟ್ಟ, ಬಲ್ಬು ಉರಿಯಿತು. ಕಂಡೆನ್ಸರಿಗೆ ಮುಟ್ಟಿಸಿದ, ಮಿಂಚಿ ಆರಿತು. ಮತ್ತೆ ಸಾಕೆಟ್ಟಿಗೆ, ಉರಿಯಿತು. ಈ ಸಲ ಕೈ ಹಾಕುವವಳು ನಾನಾದ್ದರಿಂದ ನಾನೇ ಕೇಳಿದೆ.

"ಸತ್ತಿದೆಯಾ?"

ಅಮ್ಮ ಬಲ್ಬನ್ನು ನೋಡಿದಳು, ಪೆಟ್ಟಿಗೆಯ ಒಳಗೆ ನೋಡಿದಳು, ನನ್ನ ಕೈ ನೋಡಿದಳು.

"ಇನ್ನೊಂದ್ಸಲ ಮುಟ್ಟಿಸೋಕೆ ಹೇಳು ಅವರಿಗೆ."

ಅಪ್ಪ ಇನ್ನೊಂದು ಸಲ ಮುಟ್ಟಿಸಿದ. ಏನೂ ಮಿಂಚಲಿಲ್ಲ.

"ಸತ್ತಿದೆ," ಎಂದು ಅಮ್ಮ ಒಳಗೆ ಹೋದಳು.

ಮಧ್ಯಾಹ್ನದ ಹೊತ್ತಿಗೆ ಅಪ್ಪ ಒಂದು ಚಿಕ್ಕ ಕೀಬೋರ್ಡನ್ನು ಜೋಡಿಸಿ ಎಡಗೈಯಲ್ಲಿ ಒಂದು ಸ್ವರ ಒತ್ತಿ ಹಿಡಿದ. ಗುಂಯ್ ಇರಲಿಲ್ಲ. ಕಹಳೆ ನಿಧಾನಕ್ಕೆ ಎದ್ದು ತಿರುಗಿತು, ಸ್ವರ ಮುಂದಿನ ಕೋಣೆಯಿಂದ ಹೊರಟು ನಡುಕೋಣೆ ದಾಟಿ ಅಡುಗೆಮನೆಯವರೆಗೂ ಹೋಗಿ ಬಂತು. ನಾನು ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದೆ. ಹೊರಡುವ ಅವಸರಕ್ಕೆ ಬ್ಯಾಗು ಆಗಲೇ ಹೆಗಲಲ್ಲಿತ್ತು. ಅಮ್ಮ ಒಲೆಯ ಮುಂದೆ ನಿಂತಿದ್ದಳು, ಬೆನ್ನು ನನ್ನ ಕಡೆ. ತಲೆಯ ಮೇಲೆ ಬಿಳಿ ಎಲ್‌ಇಡಿ ದೀಪ.

"ಮೋಹನ ಇದನ್ನ ಕೇಳ್ಬೇಕಿತ್ತು," ಎಂದಳು. "ಅವತ್ತು ನೋಡಿ ಹೇಳಿದ್ರೆ ಅವನಿರ್ತಿದ್ದ."

ನನ್ನ ಬಳಿ ಖಂಡನೆಯಿತ್ತು. ಅದು ಪೇಪರಿನಲ್ಲಿ ಸುತ್ತಿಕೊಂಡು ಬ್ಯಾಗಿನೊಳಗಿಂದ ನನ್ನ ಪಕ್ಕೆಗೆ ಒತ್ತುತ್ತಿತ್ತು. ಸತ್ಯವನ್ನು ಮುಚ್ಚಿಡುವ ಹಕ್ಕು ಯಾರಿಗೂ ಇಲ್ಲ ಎಂಬ ವಿಷಯದ ಮೇಲೆ ನಾನು ಎಷ್ಟು ವೇದಿಕೆಗಳಲ್ಲಿ ಮಾತಾಡಿಲ್ಲ. ಅಮ್ಮ ತಿರುಗಿ ನನ್ನ ಮುಖ ನೋಡಿದಳು, ಏನೋ ಹೇಳುತ್ತೀಯಾ ಎಂಬಂತೆ. ನಾನು ಲೋಟ ಎತ್ತಿ ನೀರು ಕುಡಿದೆ.

"ಅವರಿಗೆ ಹೇಳು," ಎಂದಳು ಅಮ್ಮ. "ಊಟ ಆಗಿದೆ."

ನಾನು ಹೋಗಿ ಹೇಳಿದೆ.